ಆರ್ಡರ್ ಅರ್ಥ ಆಗ್ಲಿಲ್ವಾ, ಕೇಳ್ಬಿಡಿ

ಸಿಸ್ಟರ್ಸ್, ಬ್ರದರ್ಸ್ ಎಲ್ರಿಗೂ ನಮಸ್ಕಾರ. ನಿನ್ನೆಯಿಂದ ನಮ್ಮ ನರ್ಸ್‌ಗಳ ಗ್ರೂಪಲ್ಲಿ, ಡಾಕ್ಟ್ರು ಕೊಡೋ ಅರ್ಥ ಆಗದ ಆರ್ಡರ್‌ಗಳ ಕಥೆಗಳನ್ನ ಓದಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು, ನಂದೂ ಒಂದಿದೆ. ಬೆಳಗ್ಗೆ ಆಪರೇಷನ್ ಇರೋ ಅಜ್ಜಿ, ಕೇಸ್ ಶೀಟಲ್ಲಿ ಎನ್‌ಪಿಒ (ಬಾಯಿಗೆ ಏನೂ ಕೊಡ್ಬಾರ್ದು) ಅಂತ ದೊಡ್ಡದಾಗಿ ಬರ್ದು ಅದರಡಿ ಎರಡು ಗೆರೆ ಬೇರೆ ಎಳ್ದಿದಾರೆ, ಅದರ ಕೆಳಗೇನೇ ಅದೇ ಪೆನ್ನಲ್ಲಿ ಮಾತ್ರೆ ಊಟ ಆದ್ಮೇಲೆ ಕೊಡಿ ಅಂತ! ಯಾವ ಊಟ? ಫೋನ್ ಮಾಡಿದ್ರೆ ಡಾಕ್ಟ್ರೂ ಜೋರಾಗಿ ನಕ್ಕು ಸರಿ ಮಾಡಿದ್ರು, ಅಜ್ಜಿ ಮಾತ್ರ "ಅವ್ರೇ ಬರ್ದಿದಾರಲ್ಲ ತಾಯಿ, ಊಟ ಕೊಡು" ಅಂತ ಬಿಡ್ಲೇ ಇಲ್ಲ.

ಆದ್ರೆ ಇನ್ಸುಲಿನ್ ವಿಷ್ಯ ಹಂಗಲ್ಲ. 4ರ ಪಕ್ಕ ಯೂನಿಟ್ ಅಂತ ಪೂರ್ತಿ ಬರೀದೆ ಇಂಗ್ಲಿಷ್ ಅಕ್ಷರ U ಒಂದೇ ಅಂಟಿಸಿದ್ರೆ ಅವಸರದ ಕೈಬರಹದಲ್ಲಿ ಅದು 40 ಥರಾನೇ ಕಾಣುತ್ತೆ, 40 ಹೋದ್ರೆ ಶುಗರ್ ಪಾತಾಳಕ್ಕೆ. OD ಅಂತ ಬರೆದ್ರೆ ನಮ್ಗೆ ದಿನಕ್ಕೊಂದ್ಸಲ, ಕಣ್ಣಿನ ವಾರ್ಡಲ್ಲಿ ಅದೇ ಬಲಗಣ್ಣು. ಔಷಧಿ ಹೆಸರು ಸ್ಪಷ್ಟವಾಗಿ, ಆದಷ್ಟೂ ಕ್ಯಾಪಿಟಲ್ ಅಕ್ಷರದಲ್ಲೇ ಬರೀಬೇಕು ಅಂತ ಮೆಡಿಕಲ್ ಕೌನ್ಸಿಲ್ 2016ರಲ್ಲೇ ನಿಯಮ ಮಾಡಿದೆ, ಹಾಗಾಗಿ ಕೇಳೋಕೆ ಸಂಕೋಚ ಬೇಡ.

ಹೊಸದಾಗಿ ಡ್ಯೂಟಿಗೆ ಸೇರಿರೋರು ದಯವಿಟ್ಟು ನೋಡಿ, ಫೋನಲ್ಲಿ ಆರ್ಡರ್ ಬಂದ್ರೆ ಬರ್ಕೊಂಡು ವಾಪಸ್ ಓದಿ ಹೇಳಿ, ಫಿಫ್ಟೀನ್ ಅಂದ್ರಾ ಫಿಫ್ಟಿ ಅಂದ್ರಾ ಬಿಡಿಸಿ ಕೇಳಿ, ರಾತ್ರಿ 2 ಗಂಟೆಗೆ ಬೈದ್ರೂ ಪರ್ವಾಗಿಲ್ಲ. ಇನ್ನೊಂದು, ಕಥೆ ಹಾಕಿ ಆದ್ರೆ ಕೇಸ್ ಶೀಟ್ ಫೋಟೋ ಹಾಕ್ಬೇಡಿ, ಈಗಾಗ್ಲೇ ಹಾಕಿರೋರು ಡಿಲೀಟ್ ಮಾಡಿ ಪ್ಲೀಸ್.