ಅಮೈನೊ ಆಮ್ಲಗಳ ಪಾಠಕ್ಕೆ ರೇಷ್ಮೆಗೂಡೂ ಬರಲಿ

ಮಾನ್ಯ ಸಂಪಾದಕರೇ,

ಪ್ರೋಟೀನ್ ರಚನೆಯ ನಾಲ್ಕು ಹಂತಗಳ ಹೆಸರನ್ನು ನಮ್ಮ ಪ್ರಥಮ ಪಿಯುಸಿ ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಪ್ರೋಟೀನುಗಳಾದ ಅಮೈನೊ ಆಮ್ಲಗಳ ಸರಪಳಿಗಳು ಹೊರಗಿನ ಕೈಯಿಲ್ಲದೆ ಒಂದರ ಪಕ್ಕ ಒಂದು ಕೂಡಿಕೊಂಡು ನೂಲು, ಹಾಳೆ, ಕೊಳವೆಗಳಾಗುವುದು ಏಕೆ ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಅದು ಅವರ ತಪ್ಪಲ್ಲ; ನಾವು ಹೆಸರುಗಳನ್ನು ಕಲಿಸಿ ಕಾರಣವನ್ನು ಬಿಟ್ಟಿದ್ದೇವೆ. ರೇಷ್ಮೆ ಬೆಳೆಯುವ ಹಾಸನ ಜಿಲ್ಲೆಯಲ್ಲಿ ಹೀಗಾಗುತ್ತಿರುವುದು ನನಗೆ ಬಹಳ ಬೇಸರದ ಸಂಗತಿ.

ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಟ್ಟ ಹಣ್ಣುಹುಳುವಿನ, ಅಂದರೆ ಗೂಡು ಕಟ್ಟಲು ಸಿದ್ಧವಾದ ರೇಷ್ಮೆಹುಳುವಿನ, ಗ್ರಂಥಿಯಲ್ಲಿ ಫೈಬ್ರಾಯಿನ್ ಎಂಬ ಪ್ರೋಟೀನು ನೀರಿನಲ್ಲಿ ಕರಗಿದ ಮಂದ ದ್ರವವಾಗಿರುತ್ತದೆ. ಅದು ನಾಳದಲ್ಲಿ ಮುಂದೆ ಸಾಗಿದಂತೆ ಆಮ್ಲೀಯತೆ ಏರಿ, ನೀರಿನಂಶ ಇಳಿದು, ಹುಳು ತಲೆಯಾಡಿಸುತ್ತ ಎಳೆಯುವ ಸೆಳೆತಕ್ಕೆ ಸಿಕ್ಕಿ, ಗ್ಲೈಸಿನ್ ಮತ್ತು ಅಲನಿನ್ ಮತ್ತೆ ಮತ್ತೆ ಬರುವ ಭಾಗಗಳು ಒತ್ತೊತ್ತಾಗಿ ಕೂತು, ಹೈಡ್ರೋಜನ್ ಬಂಧಗಳಿಂದ ಹಾಳೆಗಳಾಗಿ, ಹಾಳೆಯ ಮೇಲೆ ಹಾಳೆ ಸೇರಿ ಪುಟ್ಟ ಸ್ಫಟಿಕಗಳಾಗುತ್ತವೆ. ಗ್ಲೈಸಿನ್, ಅಲನಿನ್ ಎರಡೂ ತೀರಾ ಚಿಕ್ಕ ಅಮೈನೊ ಆಮ್ಲಗಳಾದ್ದರಿಂದಲೇ ಹಾಳೆಗಳು ಅಷ್ಟು ಹತ್ತಿರ ಬರಲು ಸಾಧ್ಯ. ಹೀಗೆ ಒಮ್ಮೆ ಕೂಡಿಕೊಂಡ ಮೇಲೆ ಗೂಡನ್ನು ಕುದಿಸಿದರೂ ಮೇಲಿನ ಸೆರಿಸಿನ್ ಅಂಟು ಸಡಿಲವಾಗಿ ಎಳೆ ಬಿಚ್ಚಿಕೊಳ್ಳುತ್ತದೆಯೇ ಹೊರತು ಒಳಗಿನ ನೂಲು ಕರಗುವುದಿಲ್ಲ.

ಈ ಕೂಡಿಕೆಗೆ ಉದ್ದನೆಯ ಸರಪಳಿಯೇ ಬೇಕೆಂದಿಲ್ಲ. 2003ರಲ್ಲಿ ಟೆಲ್ ಅವೀವ್ ವಿಶ್ವವಿದ್ಯಾಲಯದ ಮೈಟಲ್ ರೆಚೆಸ್ ಮತ್ತು ಎಹುದ್ ಗಾಜಿಟ್, ಎರಡೇ ಫಿನೈಲ್‌ಅಲನಿನ್ (ಇದೂ ಒಂದು ಅಮೈನೊ ಆಮ್ಲ) ಸೇರಿದ ಪುಟ್ಟ ಪೆಪ್ಟೈಡು, ಅಂದರೆ ಕಿರುಸರಪಳಿ, ನೀರಿನಲ್ಲಿ ತಾನಾಗಿಯೇ ನ್ಯಾನೊ ಕೊಳವೆಗಳಾಗುವುದನ್ನು ತೋರಿಸಿದರು. ಸಾರಿನ ಮೇಲೆ ಎಣ್ಣೆಯ ಹನಿಗಳು ಒಂದಾಗುವಂತೆ, ಈ ಆಮ್ಲದ ಅಣುವಿನಲ್ಲಿರುವ, ನೀರಿಗೆ ಒಗ್ಗದ ಉಂಗುರದಾಕಾರದ ಭಾಗಗಳು ಅಲ್ಲಿ ಪರಸ್ಪರ ಹತ್ತಿರವಾಗುತ್ತವೆ. 2012ರಲ್ಲಿ ಗಾಜಿಟ್ ಅವರ ತಂಡವೇ ಒಂಟಿ ಫಿನೈಲ್‌ಅಲನಿನ್ ಕೂಡ ನಾರುಗಳಾಗಿ ಜೋಡಿಕೊಳ್ಳುತ್ತದೆ, ಆ ನಾರುಗಳು ಜೀವಕೋಶಗಳಿಗೆ ವಿಷಕಾರಿ ಎಂದು ವರದಿ ಮಾಡಿತು. ಈ ಆಮ್ಲವನ್ನು ಅರಗಿಸಿಕೊಳ್ಳಲಾಗದೆ ಅದು ರಕ್ತದಲ್ಲಿ ಶೇಖರವಾಗಿ ಮಕ್ಕಳ ಮಿದುಳಿಗೆ ಹಾನಿಯಾಗುವ ಫಿನೈಲ್‌ಕೀಟೋನ್ಯೂರಿಯಾ ಎಂಬ ಆನುವಂಶಿಕ ಕಾಯಿಲೆಯನ್ನು ಅರಿಯಲು ಇದೊಂದು ಹೊಸ ದಾರಿ. ಒಂದೇ ಗುಣ ಒಂದೆಡೆ ನೂಲಾಗಿ, ಇನ್ನೊಂದೆಡೆ ಕಾಯಿಲೆಗೆ ಕಾರಣವಾಗಿ ಕಾಣಬಹುದೆಂದು ತಿಳಿದ ವಿದ್ಯಾರ್ಥಿ ಆ ಅಧ್ಯಾಯವನ್ನು ಬೇರೆಯೇ ಆಸಕ್ತಿಯಿಂದ ಓದುತ್ತಾನೆ.

1954ರಲ್ಲಿ ಮದರಾಸಿನಲ್ಲಿ ಗೋಪಿನಾಥ್ ಕರ್ತಾ ಅವರೊಡನೆ ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನಿನ ಮೂರೆಳೆಯ ರಚನೆಯನ್ನು ಮುಂದಿಟ್ಟ ಜಿ.ಎನ್. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. ಅವರ ಹೆಸರನ್ನೂ ಈ ಪಾಠದಲ್ಲಿ ಹೇಳಬೇಕು.

ಗೂಡು ಕಟ್ಟುವ ದಿನಗಳಲ್ಲಿ ವಿಜ್ಞಾನ ವಿದ್ಯಾರ್ಥಿಗಳನ್ನು ಹತ್ತಿರದ ಹುಳು ಸಾಕಣೆ ಮನೆಗೆ ಕರೆದೊಯ್ಯಲು ಪದವಿಪೂರ್ವ ಶಿಕ್ಷಣ ಇಲಾಖೆಯು ರೇಷ್ಮೆ ಇಲಾಖೆಯೊಡನೆ ಮಾತನಾಡಿ ಒಂದು ದಿನವನ್ನು ಗೊತ್ತುಮಾಡಲಿ. ಕಾಲೇಜಿಗೆ ಮರಳಿದ ಮೇಲೆ ಮಾಡಬಹುದಾದ ಪ್ರಯೋಗಕ್ಕೆ ದುಬಾರಿ ಉಪಕರಣವೇನೂ ಬೇಡ. ಹುಳು ತೆಗೆದು ಒಣಗಿಸಿದ ಗೂಡಿನ ತುಣುಕುಗಳನ್ನು ತೂಗಿ, ಲೀಟರಿಗೆ ಸುಮಾರು 2 ಗ್ರಾಂ ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ತೊಳೆದು ಒಣಗಿಸಿ ಮತ್ತೆ ತೂಗಿದರೆ ಹೆಚ್ಚುಕಡಿಮೆ ಕಾಲುಭಾಗ ತೂಕ ಇಳಿದಿರುತ್ತದೆ. ಕರಗಿ ಹೋದದ್ದು ಯಾವುದು, ಉಳಿದದ್ದು ಯಾವುದು, ಎರಡೂ ಪ್ರೋಟೀನೇ ಆಗಿದ್ದರೂ ಈ ವ್ಯತ್ಯಾಸ ಏಕೆ ಎಂಬುದನ್ನು ವಿದ್ಯಾರ್ಥಿಗಳು ತಮ್ಮ ಪ್ರಾಯೋಗಿಕ ಪುಸ್ತಕದಲ್ಲಿ ಸ್ವಂತ ಮಾತಿನಲ್ಲಿ ಬರೆಯಲಿ.

– ಜೀವಶಾಸ್ತ್ರ ಉಪನ್ಯಾಸಕ, ಹಾಸನ