ಮಾರ್ಕರ್ ಚಿತ್ರಗಳಿಗೆ ಹೊಸ ದರ: ನಮ್ಮ ಗ್ರಾಹಕರಿಗೆ ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಕಿನಿಂದ ನಾವು ಫೋಟೊ ನೋಡಿ ಮಾರ್ಕರ್ ಪೆನ್ನಿನಲ್ಲಿ ಬಿಡಿಸುವ ಮುಖಚಿತ್ರಗಳಿಗೆ ನಿಗದಿತ ದರ ಇರುತ್ತದೆ. ಎ4 ಅಳತೆಯಲ್ಲಿ ಒಬ್ಬರ ಮುಖಕ್ಕೆ 1,200 ರೂಪಾಯಿ. ಅದೇ ಹಾಳೆಯಲ್ಲಿ ಇನ್ನೊಬ್ಬರ ಮುಖ ಬೇಕಿದ್ದರೆ 700 ಜಾಸ್ತಿ. ಅರ್ಧ ಹಣ ಮೊದಲೇ ಕೊಡಬೇಕು, ಉಳಿದದ್ದು ಚಿತ್ರ ಕೈಗೆ ಸಿಕ್ಕಾಗ. "ನಿಮಗೆ ತೋಚಿದ್ದು ಕೊಡಿ" ಅನ್ನುತ್ತಿದ್ದೆವಲ್ಲ, ಇನ್ನು ಮುಂದೆ ಅದು ನಡೆಯುವುದಿಲ್ಲ. ಗಣಪತಿ ಹಬ್ಬ ಬಾಗಿಲಿಗೆ ಬಂದಾಗ ಇದನ್ನು ಹೇಳುತ್ತಿದ್ದೇವೆ, ಅದಕ್ಕೆ ಕ್ಷಮೆ ಇರಲಿ. ದರಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾನೂ ನನ್ನ ನಾದಿನಿಯೂ ಮುಂಬೈ ಹತ್ತಿರದ ಡೊಂಬಿವಲಿಯ ಈ ಮನೆಯಲ್ಲಿ ಹೇಗೆ ಶುರು ಮಾಡಿದೆವು ಅಂತ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ. ಆದರೆ ಮಾಟುಂಗದಲ್ಲಿ ಯಕ್ಷಗಾನಕ್ಕೆ ಹೋದರೂ, ಲೋಕಲ್ ರೈಲಿನಲ್ಲಿ ಗುರುತಿನವರು ಸಿಕ್ಕರೂ ಒಂದೇ ಮಾತು ಕೇಳಿ ಕೇಳಿ ಸಾಕಾಗಿದೆ. "ಸ್ಕೆಚ್ ಪೆನ್ ತಾನೇ ಅಕ್ಕಾ? ಅರ್ಧ ಗಂಟೆ ಕೆಲಸ. ಅದಕ್ಕೆ ಇಷ್ಟು ದುಡ್ಡಾ?"

ಸರಿ, ಲೆಕ್ಕ ಹೇಳುತ್ತೇವೆ.

ಮಕ್ಕಳ ಸ್ಕೆಚ್ ಪೆನ್ನಿನಲ್ಲಿ ಇರುವುದು ನೀರಿನ ಶಾಯಿ. ಒಂದೇ ಜಾಗದಲ್ಲಿ ಮೂರ್ನಾಲ್ಕು ಸಲ ಉಜ್ಜಿದರೆ ಕಾಗದದ ಸಿಪ್ಪೆ ಎದ್ದು ಬರುತ್ತದೆ, ಮುಖವೆಲ್ಲ ಪಟ್ಟೆ ಪಟ್ಟೆ. ನಾವು ಬಳಸುವುದು ಆಲ್ಕೋಹಾಲ್ ಶಾಯಿಯ ಮಾರ್ಕರ್. ಒಂದು ಬಣ್ಣ ಹಸಿ ಇರುವಾಗಲೇ ಪಕ್ಕದ ಬಣ್ಣ ತಾಗಿಸಬೇಕು. ಆಗ ಎರಡೂ ಬೆರೆತು ನಡುವಿನ ಗೆರೆ ಕರಗುತ್ತದೆ. ಕೆನ್ನೆಯ ಉಬ್ಬು, ಕಣ್ಣಿನ ಕೆಳಗಿನ ನೆರಳು ಎಲ್ಲ ಬರುವುದು ಹಾಗೆ. ತಿಳಿ ಬಣ್ಣದಿಂದ ಶುರು ಮಾಡಿ ಮೆಲ್ಲಗೆ ಗಾಢಕ್ಕೆ ಹೋಗಬೇಕು. ಗಾಢ ಬಣ್ಣ ತಪ್ಪಿ ಬಿದ್ದರೆ ಅಳಿಸುವ ರಬ್ಬರ್ ಯಾವುದೂ ಇಲ್ಲ. ಹೊಸ ಹಾಳೆ ತೆಗೆದು ಮೊದಲಿಂದ ಬಿಡಿಸಬೇಕು. ಆ ಹಾಳೆಯೂ ಪುಕ್ಕಟೆ ಅಲ್ಲ. ನೋಟ್‌ಬುಕ್ಕಿನ ಕಾಗದದಲ್ಲಿ ಈ ಶಾಯಿ ಗೆರೆ ದಾಟಿ ಹರಡುತ್ತದೆ, ಹಿಂದಿನ ಪುಟಕ್ಕೂ ಇಳಿಯುತ್ತದೆ. ದಪ್ಪದ, ನುಣುಪಾದ ಹಾಳೆಯೇ ಬೇಕು.

ಇನ್ನು ಪೆನ್ನುಗಳು. ಜಪಾನಿನ ಕಾಪಿಕ್ ಸ್ಕೆಚ್ ಮಾರ್ಕರ್‌ನಲ್ಲಿ 358 ಬಣ್ಣಗಳಿವೆ. ಒಂದೊಂದಕ್ಕೂ ನೂರಾರು ರೂಪಾಯಿ. ಶಾಯಿ ಮುಗಿದರೆ ಮತ್ತೆ ತುಂಬಿಸಬಹುದು, ಮೊನೆ ಸವೆದರೆ ಬದಲಿಸಬಹುದು. ಅದಕ್ಕೇ ಅದನ್ನು ಬಿಟ್ಟಿಲ್ಲ. ಮೈಬಣ್ಣಗಳು ಹೆಚ್ಚಾಗಿ ಅದರ 'ಇ' ಅನ್ನುವ ಮಣ್ಣಿನ ಬಣ್ಣಗಳ ಸಾಲಿನಲ್ಲಿ ಸಿಗುತ್ತವೆ. ನಾವು ಮೊದಲು ತಂದ ಮೈಬಣ್ಣದ ಸೆಟ್ಟಿನಲ್ಲಿ ಎಲ್ಲವೂ ಬಿಳಿಯರ ಕೆನ್ನೆಗೆ ಆಗುವಂಥವು. ನಮ್ಮ ಜನರ ಬಣ್ಣಕ್ಕೆ ಬೇಕಾದ ಕಂದುಗಳನ್ನು ಬಿಡಿ ಬಿಡಿಯಾಗಿ ಕೊಳ್ಳಬೇಕಾಯಿತು. ಈಗ ಇ-37 ಅನ್ನುವ ಕಂದು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತದೆ. ತಿಳಿ ಗುಲಾಬಿ ಪೆನ್ನು ಸುಮ್ನೆ ಡಬ್ಬಿಯಲ್ಲಿ ಕೂತಿದೆ.

ಅರ್ಧ ಗಂಟೆಯ ವಿಷಯಕ್ಕೆ ಬರೋಣ. ಮೊನ್ನೆ ಘಾಟ್‌ಕೋಪರ್‌ನ ಹೊಟೇಲಿನವರೊಬ್ಬರು ಗಲ್ಲಾದ ಹಿಂದೆ ಹಾಕಲು ತಮ್ಮ ತಂದೆಯ ಚಿತ್ರ ಕೇಳಿದರು. ತಂದದ್ದು ಒಂದೇ ಒಂದು ಕಪ್ಪು ಬಿಳುಪು ಪಾಸ್‌ಪೋರ್ಟ್ ಫೋಟೊ. ಗದ್ದದ ಮೇಲೆ ಅರ್ಧ ಸೀಲು ಬಿದ್ದಿತ್ತು. ಬಣ್ಣ ಹೇಗಿತ್ತು ಅಂದರೆ ಮಗ "ಗೋಧಿ ಬಣ್ಣ" ಅಂದರು. ಮಂಗಳೂರಿನಿಂದ ಫೋನಿನಲ್ಲಿ ಮಗಳು "ಯಾರು ಹೇಳಿದ್ದು? ಅಪ್ಪ ಕಪ್ಪೇ" ಅಂದರು. ಕೊನೆಗೆ ಮಗನ ಕೈ ನೋಡಿ ಮೂರು ಕಂದುಗಳನ್ನು ಚೂರು ಹಾಳೆಯ ಮೇಲೆ ಬೆರೆಸಿ, ಆ ತುಂಡಿನ ಫೋಟೊ ಮಗಳಿಗೆ ಕಳಿಸಿ ಒಪ್ಪಿಸಿದೆವು. ಪೆನ್ನು ಓಡಿದ್ದು ಅದಾದ ಮೇಲೆ. ದೋಸೆ ಎರಡು ನಿಮಿಷದಲ್ಲಿ ಮೇಜಿಗೆ ಬರುತ್ತದೆ, ಹಿಂದಿನ ದಿನ ಅಕ್ಕಿ ನೆನೆಸಿದ್ದನ್ನು ಯಾರಾದರೂ ಕೇಳುತ್ತಾರಾ?

ಮುಂಗಡ ಯಾಕೆ ಅಂತಲೂ ಕೆಲವರಿಗೆ ಬೇಸರವಾಗಬಹುದು. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಒಬ್ಬರು ಷಷ್ಟ್ಯಬ್ದಿಗೆ ಅಂತ ಇಡೀ ಕುಟುಂಬದ ಚಿತ್ರ ಹೇಳಿ, ಮುಗಿದ ಮೇಲೆ "ಪ್ಲ್ಯಾನ್ ಬದಲಾಯ್ತು" ಅಂದುಬಿಟ್ಟರು. ಅಂಗಡಿಯಲ್ಲಿ ಸೀರೆ ಉಳಿದರೆ ಇನ್ನೊಬ್ಬರು ಕೊಳ್ಳುತ್ತಾರೆ. ಪರರ ಮನೆಯ ಎಂಟು ಮುಖಗಳನ್ನು ನಾವು ಯಾರಿಗೆ ಮಾರೋಣ ಹೇಳಿ? ಇನ್ನೂ ನಮ್ಮ ಕಪಾಟಿನಲ್ಲೇ ಇದ್ದಾರೆ, ಎಲ್ಲರೂ ನಗುತ್ತಾ.

ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಚಿತ್ರ ತಂದುಕೊಡುವುದನ್ನೂ ನಿಲ್ಲಿಸಿದ್ದೇವೆ. ಆ ನೂಕುನುಗ್ಗಲಿನಲ್ಲಿ ಹಾಳೆ ಮಡಚದಂತೆ ಹಿಡಿದು ನಿಲ್ಲುವುದು ಆಗದ ಕೆಲಸ. ಭಾನುವಾರ ಮನೆಗೆ ಬನ್ನಿ, ಚಹಾ ಕುಡಿದು ಹೋಗಿ. ಇಲ್ಲವಾದರೆ ಎರಡು ರಟ್ಟಿನ ನಡುವೆ ಇಟ್ಟು ಸ್ಪೀಡ್ ಪೋಸ್ಟ್ ಮಾಡುತ್ತೇವೆ, ಅದರ ಖರ್ಚು ನಿಮ್ಮದು.

ಈಗಾಗಲೇ ಹೇಳಿಟ್ಟವರು ಗಾಬರಿಯಾಗಬೇಡಿ. ನಿಮಗೆ ಹಳೆಯ ಲೆಕ್ಕವೇ. 1,200 ಭಾರ ಅನಿಸಿದರೆ ಎ5 ಅಳತೆಯಲ್ಲಿ 650ಕ್ಕೆ ಬಿಡಿಸುತ್ತೇವೆ, ಕೈ ಮಾತ್ರ ಅದೇ. ಮುಖದ ಹೋಲಿಕೆ ಬಂದಿಲ್ಲ ಅನಿಸಿದರೆ ಮೊದಲಿನ ಹಾಗೆ ಮತ್ತೊಮ್ಮೆ ಬಿಡಿಸಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಇನ್ನೊಂದು ಮಾತು ಮುಚ್ಚಿಡದೆ ಹೇಳಬೇಕು. ಈ ಶಾಯಿ ಬಿಸಿಲಿಗೆ ಮಾಸುತ್ತದೆ, ಎಷ್ಟು ದುಬಾರಿ ಪೆನ್ನಾದರೂ. ಕಿಟಕಿಯ ಎದುರಿನ ಗೋಡೆಗೆ ಹಾಕಬೇಡಿ. ಮಳೆಗಾಲದಲ್ಲಿ ಲೀಕೇಜ್ ಇರುವ ಗೋಡೆಗಂತೂ ಬೇಡವೇ ಬೇಡ. ಗಾಜಿನೊಳಗೆ ಬೂಷ್ಟು ಹಿಡಿದರೆ ನಾವೇನೂ ಮಾಡಲು ಬರುವುದಿಲ್ಲ.

ಗಣಪತಿಗೆ ಬೇಕಾದವರು ಈ ಭಾನುವಾರದೊಳಗೆ ಫೋಟೊ ಕಳಿಸಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕಣ್ಣು, ಹುಬ್ಬು ಎಲ್ಲ ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಅಜ್ಜಿಯಂದಿರ ಚಿತ್ರವಾದರೆ ಮೂಗುತಿ ಎಡಕ್ಕೋ ಬಲಕ್ಕೋ ಅಂತಲೂ ಬರೆಯಿರಿ. ಕೆಲವು ಫೋನಿನ ಸೆಲ್ಫಿಯಲ್ಲಿ ಎಡ ಬಲ ತಿರುಗಿರುತ್ತದೆ.

ನಿಮ್ಮ,
ಡೊಂಬಿವಲಿಯ ಅತ್ತಿಗೆ–ನಾದಿನಿ