ಒಗ್ಗಿದನೋ, ಒಗ್ಗಿಸಿದರೋ?

ತಮ್ಮಾ,

ಕತೆ ಬಂತು. ಎರಡು ಸಲ ಓದಿದೆ. ಬೈಲುಕುಪ್ಪೆಯ ಆ ಟಿಬೆಟಿ ಹುಡುಗ, ಚಳಿಗಾಲ ಬಂದರೆ ಸ್ವೆಟರ್ ಗಂಟು ಹೊತ್ತು ಊರೂರು ತಿರುಗುವವನು, ಕಣ್ಣಿಗೆ ಕಟ್ಟುವ ಹಾಗೆ ಬಂದಿದ್ದಾನೆ. ಆದರೆ ನಾಲ್ಕನೇ ಪುಟದಲ್ಲಿ ‘ಅವನು ಸಂಪೂರ್ಣವಾಗಿ ಕನ್ನಡೀಕರಣಗೊಂಡಿದ್ದನು’ ಅಂತ ಬರೆದಿದ್ದೀಯಲ್ಲ, ಅಲ್ಲಿ ನಿಂತುಬಿಟ್ಟೆ. ಅಲ್ಲಿಯವರೆಗೆ ಮನುಷ್ಯನಾಗಿದ್ದವನು ಆ ಒಂದು ವಾಕ್ಯದಲ್ಲಿ ಸರ್ಕಾರಿ ಕಡತ ಆಗಿಬಿಟ್ಟ.

ಬೇಜಾರು ಮಾಡ್ಕೋಬೇಡ. ಉಳಿದ ತಿದ್ದುಪಡಿ ಇನ್ನೊಮ್ಮೆ ಹೇಳುತ್ತೇನೆ. ಇವತ್ತು ಈ ಒಂದು ಕ್ರಿಯಾಪದ ಮಾತ್ರ.

‘ಕನ್ನಡೀಕರಣ’ದ ಕೊನೆಯ ‘ಈಕರಣ’, ‘ಈಕರಿಸು’ ಅನ್ನುವುದು ಸಂಸ್ಕೃತದಿಂದ ಬಂದ ಬಾಲ. ಅಲ್ಲಿನ ವ್ಯಾಕರಣದವರು ಅದನ್ನು ಚ್ವಿ ಪ್ರತ್ಯಯ ಅಂತಾರೆ, ಅದರ ಅರ್ಥಕ್ಕೆ ಅಭೂತತದ್ಭಾವ ಅಂತಾರೆ. ಹೆಸರು ಕೇಳಿ ಹೆದರಬೇಡ. ಮೊದಲು ಹಾಗಿರಲಿಲ್ಲ, ಈಗ ಹಾಗಾಯಿತು, ಅಷ್ಟೇ. ನೀರನ್ನು ಶುದ್ಧೀಕರಿಸಿದರು ಅಂದರೆ ಮೊದಲು ನೀರು ಶುದ್ಧವಾಗಿರಲಿಲ್ಲ ಅಂತ. ನೀರಿನ ವಿಷಯದಲ್ಲಿ ನನಗೇನೂ ತಕರಾರಿಲ್ಲ. ಆದರೆ ‘ಇವರನ್ನು ಭಾರತೀಕರಿಸಬೇಕು’ ಅಂತ ಒಬ್ಬರು ಭಾಷಣದಲ್ಲಿ ಅಂದರು ಅನ್ನು, ಇವರು ಇನ್ನೂ ಭಾರತೀಯರಾಗಿಲ್ಲ ಅನ್ನುವ ತೀರ್ಪು ಆ ಪದದ ಹೊಟ್ಟೆಯಲ್ಲೇ ಕೂತಿರುತ್ತದೆ. ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ, ತೀರ್ಪು ಕೊಟ್ಟವರು ಯಾರು ಅಂತ ಯಾರೂ ಕೇಳುವುದಿಲ್ಲ. ನೀನು ಬರೆಯುವವನು, ನೀನಾದರೂ ಕೇಳಬೇಕಲ್ವಾ?

ಇನ್ನೂ ಜಾಣರು ಈ ಪದವನ್ನೇ ಬಳಸುವುದಿಲ್ಲ. ಬಲ್ಗೇರಿಯಾದಲ್ಲಿ 1984ರ ಚಳಿಗಾಲದಲ್ಲಿ ಸರ್ಕಾರ ತನ್ನ ತುರ್ಕಿ ಪ್ರಜೆಗಳ ಹೆಸರು ಬದಲಿಸಲು ಹೊರಟಿತು. ಊರಿಗೆ ಪೊಲೀಸರು, ಸೈನಿಕರು ಬಂದರು. ಮೆಹಮತ್ ಆಗಿದ್ದವನು ಬಲ್ಗೇರಿಯನ್ ಹೆಸರು ಇಟ್ಟುಕೊಳ್ಳಬೇಕು, ಬೀದಿಯಲ್ಲಿ ತುರ್ಕಿ ಮಾತಾಡಬಾರದು. ಇದಕ್ಕೆ ಅವರು ಇಟ್ಟ ಹೆಸರು ಪುನರುಜ್ಜೀವನ. ಅಂದರೆ, ನೀವು ಮೂಲದಲ್ಲಿ ನಮ್ಮವರೇ, ಮರೆತಿದ್ದೀರಿ, ನೆನಪು ಮಾಡಿಸುತ್ತಿದ್ದೇವೆ. 1989ರಲ್ಲಿ ಗಡಿ ತೆರೆದಾಗ ಕೆಲವೇ ತಿಂಗಳಲ್ಲಿ ಮೂರು ಲಕ್ಷಕ್ಕಿಂತ ಜಾಸ್ತಿ ಜನ ತುರ್ಕಿಗೆ ಹೊರಟುಹೋದರು. ಅಲ್ಲಿನ ಕತೆಗಾರನೊಬ್ಬ ಆಗ ‘ಅವನು ಬಲ್ಗೇರಿಯೀಕರಣಗೊಂಡಿದ್ದನು’ ಅಂತ ಬರೆದಿದ್ದರೆ, ಪೊಲೀಸರು ಬಂದಿದ್ದೇ ವಾಕ್ಯದಿಂದ ಮಾಯ! ‘ಗೊಂಡಿದ್ದನು’ ಮಾಡುವ ಚಮತ್ಕಾರ ಅದು. ಮಾಡಿದವನು ಹೊರಗೆ, ಮಾಡಿಸಿಕೊಂಡವನು ಒಬ್ಬನೇ ಒಳಗೆ.

‘ರಾಷ್ಟ್ರೀಕರಣ’ ಹಾಕಿದರೆ ಹೇಗೆ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀಯ. ಆಗದು ಮಾರಾಯ. ಆ ಪದವನ್ನು ನಮ್ಮಲ್ಲಿ ಬ್ಯಾಂಕುಗಳು ಹೊಡೆದುಕೊಂಡಿವೆ. 1969ರ ಜುಲೈಯಲ್ಲಿ 14 ಬ್ಯಾಂಕು ಸರ್ಕಾರದ ವಶವಾದವು, ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ನಿನ್ನ ಹುಡುಗ ರಾಷ್ಟ್ರೀಕರಣಗೊಂಡ ಅಂದರೆ ಓದುಗರು ಅವನ ಬಡ್ಡಿದರ ಎಷ್ಟು ಅಂತ ಕೇಳುತ್ತಾರೆ.

‘ಕನ್ನಡಿಸು’ ಬೇರೆ. ಅದರ ಮೇಲೆ ನನಗೆ ಪ್ರೀತಿ. ಸಂಸ್ಕೃತದ ಪದಕ್ಕೆ ಇಸು ಹಚ್ಚಿ ಕನ್ನಡದ ಧಾತು ಮಾಡಿಕೊಳ್ಳುವುದು, ಆಕಾಶವನ್ನು ಆಗಸ, ಕಾವ್ಯವನ್ನು ಕಬ್ಬ ಮಾಡಿಕೊಳ್ಳುವುದು, ಇವೆಲ್ಲಕ್ಕೂ 13ನೇ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಲೆಕ್ಕ ಬರೆದಿಟ್ಟಿದ್ದಾನೆ. ಹಾಸ್ಪಿಟಲ್ ನಮ್ಮ ಬಾಯಲ್ಲಿ ಆಸ್ಪತ್ರೆ ಆಗಿದ್ದಕ್ಕೆ ಯಾವ ಆದೇಶವೂ ಇರಲಿಲ್ಲ. ಪೋರ್ಚುಗೀಸರ ಮೇಜು ಈಗ ನಮ್ಮನೆ ಮೇಜು. ಆದರೆ ಗಮನಿಸು, ನಾವು ಪುಸ್ತಕ ಕನ್ನಡಿಸುತ್ತೇವೆ, ಪದ್ಯ ಕನ್ನಡಿಸುತ್ತೇವೆ. ಜನರನ್ನು ಕನ್ನಡಿಸಿದರು ಅಂತ ಯಾರೂ ಅನ್ನುವುದಿಲ್ಲ. ನಾಲಿಗೆಗೆ ಅಷ್ಟು ವಿವೇಕ ಇದೆ.

ಪುಸ್ತಕದಲ್ಲೂ ಎಷ್ಟು ಕನ್ನಡಿಸಬೇಕು ಅನ್ನುವುದಕ್ಕೆ ಸೂತ್ರ ಇಲ್ಲ. ಬಿಎಂಶ್ರೀ ಅವರನ್ನೇ ನೋಡು. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಏಜಾಕ್ಸ್ ಇರುಳಿನಲ್ಲಿ ಸೇಡಿಗೆ ಹೊರಟು ಹುಚ್ಚು ಹಿಡಿದು ದನಕುರಿಗಳನ್ನು ಕಡಿಯುವವನು. ನಮ್ಮಲ್ಲಿ ಇರುಳಿನಲ್ಲಿ ಸೇಡಿಗೆ ಹೊರಟವನು ಯಾರು? ಅಶ್ವತ್ಥಾಮ. 1929ರಲ್ಲಿ ಅವರು ‘ಅಶ್ವತ್ಥಾಮನ್’ ನಾಟಕ ಕೊಟ್ಟರು. ಬರೀ ಹೆಸರು ಬದಲಿಸಿದ್ದಲ್ಲ, ಅಂಥದ್ದೇ ಗಾಯ ಇರುವವನನ್ನು ನಮ್ಮ ಕತೆಯಲ್ಲೇ ಹುಡುಕಿ ತಂದದ್ದು. ಅದೇ ಮನುಷ್ಯ ಇನ್ನೊಂದು ಗ್ರೀಕ್ ನಾಟಕ ತಂದಾಗ ಪಾರಸಿಕರನ್ನು, ಅಂದರೆ ಪರ್ಷಿಯನ್ನರನ್ನು, ಪಾರಸಿಕರಾಗಿಯೇ ಬಿಟ್ಟರು. ಅವರಿಗೆ ಎರಡೂ ದಾರಿ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಒಂದು ರಷ್ಯನ್ ಕತೆ ಕನ್ನಡಿಸುವ ಹುಮ್ಮಸ್ಸಿನಲ್ಲಿ, ಟೀಗೆ ನೀರು ಕಾಯಿಸುವ ಸಮೋವಾರನ್ನು ಹಂಡೆ ಮಾಡಿದ್ದೆ. ಸ್ನಾನದ ಹಂಡೆಯಲ್ಲಿ ಟೀ ಕಾಯಿಸುವ ಜನ ಯಾವ ಊರಿನವರು ಸ್ವಾಮಿ ಅಂತ ಓದುಗರೊಬ್ಬರು ಕಾರ್ಡು ಬರೆದಿದ್ದರು. ಅದನ್ನು ಬಹಳ ವರ್ಷ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

‘ಕನ್ನಡೀಕರಣ’ ಪೂರ್ತಿ ಬೇಡ ಅಂತ ನಾನು ಹೇಳುತ್ತಿಲ್ಲ. ಕಚೇರಿ, ಫಾರಂ, ಬೋರ್ಡು, ಕಂಪ್ಯೂಟರ್, ಇವಕ್ಕೆ ಸರಿಯಾಗಿಯೇ ಇದೆ. 2014ರ ನವೆಂಬರ್ 1ರಂದು 12 ಊರುಗಳ ಹೆಸರು ಬದಲಾಯಿತು ಅಂತ ಸುದ್ದಿಯೋ ಸುದ್ದಿ. ಕನ್ನಡದಲ್ಲಿ ಬೆಂಗಳೂರು ಮೊದಲೂ ಬೆಂಗಳೂರೇ. ಅಲ್ಲಿ ಬದಲಾಗಿದ್ದು ಇಂಗ್ಲಿಷಿನ ಕಾಗುಣಿತ. ಕನ್ನಡೀಕರಣ ಆಗಿದ್ದು ಇಂಗ್ಲಿಷಿಗೆ!

ಈಗ ನಿನ್ನ ಹುಡುಗನ ಹತ್ತಿರ ಬಾ. ಅವನಿಗೆ ಬೇಕಾದ ಪದ ನಿನ್ನ ಅಜ್ಜಿಯ ಬಾಯಲ್ಲಿದೆ: ಒಗ್ಗು. ಮಲೆನಾಡಿಗೆ ಸೊಸೆಯಾಗಿ ಬಂದವಳು ‘ಇಲ್ಲಿನ ನೀರು ನನಗೆ ಒಗ್ಗಲಿಲ್ಲ’ ಅಂತಾಳೆ. ಆ ವಾಕ್ಯ ಹೇಗಿದೆ ನೋಡು. ಒಗ್ಗುವುದು ನೀರು, ಅವಳಿಗೆ. ಅವಳನ್ನು ಯಾರೂ ಏನೂ ಮಾಡುತ್ತಿಲ್ಲ, ಅವಳ ಮೈ ಹೌದು ಅನ್ನಬೇಕು ಅಥವಾ ಇಲ್ಲ ಅನ್ನಬೇಕು. ಅದಕ್ಕೇ ಇಸು ಹಚ್ಚಿ ‘ಒಗ್ಗಿಸಿದರು’ ಅಂದರೆ ತಕ್ಷಣ ಎತ್ತನ್ನು ನೊಗಕ್ಕೆ ಹೂಡಿದ ಹಾಗೆ ಕೇಳುತ್ತದೆ.

ಬೈಲುಕುಪ್ಪೆಯ ಆ ಟಿಬೆಟಿ ನಿರಾಶ್ರಿತರ ಕ್ಯಾಂಪು ಶುರುವಾಗಿದ್ದು 1960ರ ದಶಕದಲ್ಲಿ. ಕಾಡು ಕಡಿದು ಜೋಳ ಬೆಳೆದ ಅವನ ಅಜ್ಜನಿಗೆ ಈ ಸೆಕೆ ಒಗ್ಗಿತ್ತಾ? ಅವನಿಗೆ ಪಕ್ಕದ ಕುಶಾಲನಗರದ ಮಾತು ಒಗ್ಗಿದ್ದು ಶಾಲೆಯಲ್ಲಾ, ಬಸ್‌ಸ್ಟ್ಯಾಂಡಿನಲ್ಲಾ? ಯಾವುದು ಇನ್ನೂ ಒಗ್ಗಿಲ್ಲ? ಇದು ಗೊತ್ತಾಗುವವರೆಗೆ ನಾಲ್ಕನೇ ಪುಟ ಮುಟ್ಟಬೇಡ. ಈ ಚಳಿಗಾಲ ಅವನಂಥವನೊಬ್ಬ ನಿಮ್ಮೂರಿಗೆ ಬಂದಾಗ ಒಂದು ಸ್ವೆಟರ್ ಚೌಕಾಸಿ ಮಾಡು. ದುಡ್ಡು ಎಣಿಸುವಾಗ ಅವನ ತುಟಿ ಯಾವ ಭಾಷೆಯಲ್ಲಿ ಅಲ್ಲಾಡುತ್ತದೆ ಅಂತ ನೋಡಿ ನನಗೆ ಬರೆ.

ನಿನ್ನ
ಹಂಡೆ ಅಣ್ಣ